ನಕ್ಷೆಯಕ್ಕ ಮತ್ತು ಜಿಂಬೋ

ಲೋಕವೆಲ್ಲ ಹಾಲು ಬಿಸಿ ಮಾಡುವ ಹೊತ್ತಿಗೆ ನಕ್ಷೆಯಕ್ಕ ತಲೆಬಿಸಿ ಮಾಡಿಕೊಳ್ಳುತ್ತಾರೆ. ಒಗ್ಗರಣೆ ಹಾಕಿದ ಮಾತಲ್ಲ ಇದು, ನಿಜ ಸಂಗತಿ. ಒಲೆಯ ಪಕ್ಕದಲ್ಲೇ ಲ್ಯಾಪ್‌ಟಾಪ್. ಬೆಳಕು ಹರಿಯುವ ಮೊದಲೇ ಯಾವುದೋ ಹೊಸ ತಂತ್ರಜ್ಞಾನದ ಓದು. "ಹಾಲು ನೋಡ್ಕೊಳೇ ಅಂದ್ರೆ ಉಕ್ಕೋದನ್ನೂ ನೋಡ್ತಾ ನಿಂತಿರ್ತಾಳೆ," ಎಂದು ಅತ್ತೆ ಗೊಣಗುತ್ತಾರೆ.

ಅಕ್ಕ ಸಾಫ್ಟ್‌ವೇರ್ ಆರ್ಕಿಟೆಕ್ಟ್. ಕರೆ ಬಂದ ಕೂಡಲೇ ಹತ್ತಿರದ ಆಂಬುಲೆನ್ಸ್ ಹುಡುಕಿ ಕಳಿಸುವ ವ್ಯವಸ್ಥೆಯಲ್ಲಿ ಯಾವ ಭಾಗ ಎಲ್ಲಿರಬೇಕು, ಒಂದು ಕೈಕೊಟ್ಟರೆ ಯಾವುದು ಕೈಹಿಡಿಯಬೇಕು ಎಂದು ಬಿಳಿ ಹಲಗೆಯ ಮೇಲೆ ನಕ್ಷೆ ಬರೆಯುವವರು. ಗಾಡಿ ಬಂತೆಂದು ನಿಟ್ಟುಸಿರು ಬಿಡುವ ಯಾರಿಗೂ ಇವರ ಗುರುತಿಲ್ಲ. ಉಳಿದವರು ತಂತಮ್ಮ ಮೂಲೆಯಲ್ಲಿ ಪಂಡಿತರು. ಇವರು ಎಲ್ಲ ಮೂಲೆಗೂ ಇಣುಕಬೇಕು. ಎಷ್ಟು ಇಣುಕಿದರೆ ಸಾಕು?

"ಒಂದ್ಸಲ ಗೊತ್ತಿಲ್ಲ ಅಂದ್ಬಿಟ್ರೆ ಆಮೇಲೆ ನನ್ ಮಾತು ಯಾರು ಕೇಳ್ತಾರೆ ಅಂತ ಭಯ ಇತ್ತು," ಎನ್ನುತ್ತಾರೆ.

ಆ ಭಯವನ್ನು ಬಿಡಿಸಿದವನು ಗಿಣಿ. ಸಾಫ್ಟ್‌ವೇರಿನ ತಪ್ಪು ಹುಡುಕುವುದು ಅವನ ಕೆಲಸ. ಕಚೇರಿಯವರ ದನಿಗಳನ್ನೆಲ್ಲ ಅಣಕಿಸುವುದು ಚಾಳಿ, ಅದಕ್ಕೇ ಆ ಹೆಸರು. ಒಂದು ಶುಕ್ರವಾರ ಮೀಟಿಂಗಿನಲ್ಲಿ ಮುಖ ಗಂಟಿಕ್ಕಿಕೊಂಡು, ಈಗ ಎಲ್ಲರೂ 'ಜಿಂಬೋ' ಎಂಬ ಹೊಸ ತಂತ್ರಜ್ಞಾನ ಬಳಸುತ್ತಿದ್ದಾರೆ, ನಾವೂ ಹಾಕೋಣವೇ ಎನ್ನುತ್ತಾನೆ. ಮ್ಯಾನೇಜರ್ ತಲೆಯಾಡಿಸುತ್ತಾರೆ. ಅಕ್ಕನ ತಲೆಯೂ ತಾನಾಗಿ ಆಡಿಬಿಡುತ್ತದೆ. ಸಂಜೆಗೆ ಜಿಂಬೋ ಯೋಜನೆಯೊಳಗೆ!

ಶನಿವಾರ, ಭಾನುವಾರವೆಲ್ಲ ಅಕ್ಕ ಹುಡುಕುತ್ತಾರೆ. ಆ ಹೆಸರಿನ ಒಂದು ನಾಯಿ, ಒಂದು ಜೊತೆ ಮಕ್ಕಳ ಚಪ್ಪಲಿ ಸಿಗುತ್ತವೆಯೇ ಹೊರತು ತಂತ್ರಜ್ಞಾನ ಸಿಗುವುದಿಲ್ಲ. ಹುಡುಕಲೂ ಬಾರದಷ್ಟು ಹಳಬಳಾದೆನೇ ಎಂದು ಊಟ ಸೇರುವುದಿಲ್ಲ.

ಸೋಮವಾರ ಹಲಗೆಯ ಮುಂದೆ ನಿಂತು, ಮಾರ್ಕರ್ ಕೆಳಗಿಡುತ್ತಾರೆ. "ಜಿಂಬೋ ನಂಗೆ ಗೊತ್ತಿಲ್ಲಪ್ಪ. ಅವತ್ತು ಸುಮ್ನೆ ತಲೆಯಾಡಿಸ್ದೆ. ಅದು ಕೆಟ್ಟು ಕೂತ್ರೆ ಗಾಡಿ ಹೇಗೆ ಹೊರಡುತ್ತೆ ಅಂತ ಯಾರಾದ್ರೂ ಹೇಳ್ಕೊಡೋವರೆಗೂ ನಾನು ಒಳಗೆ ಬಿಡಲ್ಲ. ನನ್ ಜಾಗಕ್ಕೆ ಬೇರೆಯವ್ರು ಬಂದ್ರೂ ಸರಿ."

ಗಿಣಿ ಕುರ್ಚಿಯಿಂದ ಎದ್ದು ನಿಲ್ಲುತ್ತಾನೆ. "ಅಕ್ಕಾ, ಅಂಥದ್ದೇನೂ ಇಲ್ಲ. ನಾನೇ ಹುಟ್ಟಿಸಿದ್ದು. ನಿಮ್ಮನ್ನ ಇಷ್ಟು ಕಾಡುತ್ತೆ ಅಂತ ಗೊತ್ತಿರ್ಲಿಲ್ಲ."

ಆಮೇಲೆ ಡೇಟಾಬೇಸ್ ನೋಡಿಕೊಳ್ಳುವಾಕೆ, ನೆಟ್‌ವರ್ಕಿನವರು ಹೇಳುವುದರಲ್ಲಿ ಅರ್ಧ ತನಗೆ ತಿಳಿಯುವುದೇ ಇಲ್ಲ ಎಂದು ಬಾಯಿಬಿಡುತ್ತಾಳೆ. ನೆಟ್‌ವರ್ಕಿನವನು, ನನಗೂ ನಿನ್ನದು ಅಷ್ಟೇ ತಾಯಿ ಎನ್ನುತ್ತಾನೆ. ಅಕ್ಕ ಕುರ್ಚಿಗೆ ಒರಗುತ್ತಾರೆ.

"ಅಬ್ಬ, ಬದುಕ್ದೆ. ಎಲ್ಲಾನೂ ನಂಗೇ ಬರ್ಬೇಕಿಲ್ಲ. ಸರಿಯಾಗಿ ಕೇಳೋಷ್ಟು, ಬಲ್ಲವ್ರು ಹೇಳಿದ್ದು ಅರ್ಥ ಆಗೋಷ್ಟು ಬಂದ್ರೆ ಸಾಕು."

ಅಷ್ಟರಲ್ಲಿ ಹೊರಗೆ ಫೋನಿನಲ್ಲಿದ್ದ ಮ್ಯಾನೇಜರ್ ಒಳಗೆ ಬಂದು, ಎಲ್ಲರ ಮುಖ ನೋಡಿ, ಗಂಭೀರವಾಗಿ ಕೇಳುತ್ತಾರೆ:

"ಜಿಂಬೋ ಕಷ್ಟ ಆದ್ರೆ ಸದ್ಯಕ್ಕೆ ಅದರ ಹಳೇ ವರ್ಷನ್ನೇ ಹಾಕ್ಕೊಳೋಣ್ವಾ?"

ಕೋಣೆಯೆಲ್ಲ ಒಮ್ಮೆಲೇ ಗೊಳ್ಳೆನ್ನುತ್ತದೆ. ಕಾರಿಡಾರಿನ ಕೊನೆಯವರೆಗೂ ಕೇಳಿಸುವುದು ಮಾತ್ರ ಮೇಜಿಗೆ ಹಣೆ ಹಚ್ಚಿ, ಹೊಟ್ಟೆ ಹಿಡಿದು ನಗುತ್ತಿರುವ ನಕ್ಷೆಯಕ್ಕನ ದನಿ.