ತಾತ ಕೈ ಎತ್ತಿದ ದೀಪಾವಳಿ

ಸುಮತಿಗೆ ನಲವತ್ತೊಂದು ವರ್ಷ. ಮದರಾಸಿನ ನುಂಗಂಬಾಕ್ಕಂನಲ್ಲಿ ಒಂದು ಇನ್ಶೂರೆನ್ಸ್ ಕಚೇರಿಯ ಕ್ಲೇಮ್ ವಿಭಾಗದಲ್ಲಿ ಕೆಲಸ. ಕಾಗದ ಹಿಡಿದು ಬಂದವರ ಮಾತಿನಲ್ಲಿ ನಿಜ ಎಷ್ಟು, ಮುಚ್ಚಿಟ್ಟದ್ದೆಷ್ಟು ಎಂದು ನೋಡುವುದೇ ಅವಳ ಉದ್ಯೋಗ. ಮನೆಯವರನ್ನು ಹಾಗೆ ನೋಡಬೇಕಾದ ಪ್ರಸಂಗ ಮಾತ್ರ ಬಂದಿರಲಿಲ್ಲ.

ಅವಳ ತಂದೆ ಪದ್ಮನಾಭ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಇಪ್ಪತ್ತೆರಡನೆಯ ವಯಸ್ಸಿಗೆ ಮಂಡ್ಯದ ಕಡೆಯಿಂದ ಮದರಾಸಿಗೆ ಬಂದು, ಪೆರಂಬೂರಿನ ಕ್ವಾರ್ಟರ್ಸಿನಲ್ಲಿ ಇಬ್ಬರು ಮಕ್ಕಳನ್ನು ಬೆಳೆಸಿದವರು. ಹೆಂಡತಿ ತೀರಿಕೊಂಡ ಮೇಲೆ ವೆಸ್ಟ್ ಮಾಂಬಲಂನಲ್ಲಿದ್ದ ಮಗಳ ಫ್ಲ್ಯಾಟಿಗೆ ಬಂದು ಸೇರಿಕೊಂಡರು. ಸುಮತಿಯ ಗಂಡ ಅನಿಲ್‌ಗೆ ವಿಮಾನ ನಿಲ್ದಾಣದಲ್ಲಿ ಪಾಳಿಯ ಕೆಲಸ, ಮನೆಯಲ್ಲಿರುವ ಹೊತ್ತು ಕಡಿಮೆ. ಹಾಗಾಗಿ ಎಂಟು ವರ್ಷದ ಮೊಮ್ಮಗಳು ತೇಜು ಬೆಳೆದದ್ದು ತಾತನ ಮಗ್ಗುಲಲ್ಲೇ.

ತೇಜುಗೆ ಸದ್ದು ಆಗುತ್ತಿರಲಿಲ್ಲ. ಕುಕ್ಕರ್ ಕೂಗುವ ಮೊದಲೇ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಮಿಕ್ಸಿ ಹಾಕಬೇಕಾದರೆ ಅವಳನ್ನು ಮಹಡಿಯ ಮೇಲೆ ಕಳಿಸಬೇಕಿತ್ತು. ದೀಪಾವಳಿಯ ವಾರವಂತೂ ಊಟವಿಲ್ಲ, ನಿದ್ದೆಯಿಲ್ಲ. ಬಟ್ಟೆಯ ಬೀರುವಿನೊಳಗೆ ಕೂತುಬಿಡುತ್ತಿದ್ದಳು. ಕೊನೆಗೆ ಪಾವನಾ ಎಂಬ ಥೆರಪಿಸ್ಟ್ ಒಬ್ಬರು ಒಂದು ದಾರಿ ತೋರಿಸಿದರು. ಪಟಾಕಿಯ ಸದ್ದನ್ನು ಫೋನಿನಲ್ಲಿ ತೀರಾ ಮೆಲ್ಲಗೆ ಹಾಕಿ ಶುರು ಮಾಡಬೇಕು, ದಿನಕ್ಕಿಷ್ಟು ಏರಿಸಬೇಕು. ಮಗು ಸಾಕು ಅಂದ ಕೂಡಲೇ ನಿಲ್ಲಿಸಬೇಕು.

"ಸಹಿಸೋದು ಎರಡನೇ ವಿಷಯ ಮೇಡಂ," ಅಂದಿದ್ದರು ಪಾವನಾ. "ಸದ್ದು ಯಾವಾಗ ಬರತ್ತೆ ಅಂತ ಅವಳಿಗೆ ಮೊದಲೇ ಗೊತ್ತಿರಬೇಕು. ಹೇಳದೆ ಮಾತ್ರ ಯಾವತ್ತೂ ಮಾಡ್ಬೇಡಿ."

ಆ ಕೆಲಸವನ್ನು ಪದ್ಮನಾಭ ವಹಿಸಿಕೊಂಡರು. ದಿನಾ ಸಂಜೆ ಆರಕ್ಕೆ ತಾತ, ಮೊಮ್ಮಗಳು ಮಂಚದ ಮೇಲೆ ಕೂರುತ್ತಿದ್ದರು. ಸುಮತಿ ಎಲೆಕ್ಟ್ರಿಕ್ ರೈಲು ಇಳಿದು ಮೆಟ್ಟಿಲು ಹತ್ತುವಾಗ ಬಾಗಿಲಾಚೆಯಿಂದ ಚಿಟಪಟ ಕೇಳಿಸುತ್ತಿತ್ತು. ಹಿಂದೆಯೇ "ಪೋದುಂ ತಾತಾ" ಎಂದು ತಮಿಳಿನಲ್ಲಿ ಸಾಕು ಅನ್ನುವ ತೇಜುವಿನ ದನಿ, ಆಮೇಲೆ ಮೌನ. ಸಾಕು ಅಂದರೆ ಸಾಕು. ಎರಡೂವರೆ ತಿಂಗಳಲ್ಲಿ ತೇಜು ಫೋನಿನ ಪೂರ್ತಿ ಸದ್ದನ್ನು ಕಿವಿ ಮುಚ್ಚುವ ಇಯರ್‌ಮಫ್ ಇಲ್ಲದೆ ಕೇಳುವಂತಾದಳು. ಹಬ್ಬದ ದಿನಕ್ಕೆಂದು ತಾತ ರೈಲಿನ ವೇಳಾಪಟ್ಟಿಯ ಹಾಗೆ ಒಂದು ಚಾರ್ಟ್ ಬರೆದು ಗೋಡೆಗೆ ಅಂಟಿಸಿದರು. ಬೆಳಿಗ್ಗೆ ಆರರಿಂದ ಏಳು, ಸಂಜೆ ಏಳರಿಂದ ಎಂಟು ಸದ್ದು. ನಡುವೆ ಹಸಿರು ಪೆನ್ನಿನಲ್ಲಿ 'ಸದ್ದಿಲ್ಲ'. ಸುಮತಿ ಅಕ್ಕಪಕ್ಕದ ಮನೆಗಳಿಗೆಲ್ಲ ಹೋಗಿ, ಬೇರೆ ಹೊತ್ತಿನಲ್ಲಿ ನಮ್ಮ ಬಾಲ್ಕನಿಯ ಕೆಳಗೆ ಹೊಡೆಯಬೇಡಿ ಎಂದು ಕೇಳಿಕೊಂಡು ಬಂದಳು. ಎಲ್ಲರಿಗಿಂತ ಮೊದಲು ಒಪ್ಪಿದವರು ಎದುರುಮನೆಯ ಕಾಮಾಕ್ಷಿ ಮಾಮಿ.

ಹಬ್ಬದ ಬೆಳಿಗ್ಗೆಯ ಆ ಒಂದು ಗಂಟೆಯನ್ನು ತೇಜು ಇಯರ್‌ಮಫ್ ಹಾಕಿಕೊಂಡು ತಾತನ ಕೈ ಹಿಡಿದು ಕಳೆದಳು. ಅಳಲಿಲ್ಲ. ಆಮೇಲೆ ಹೊಸ ರೇಷ್ಮೆ ಲಂಗ ಉಟ್ಟು ಎರಡು ಇಡ್ಲಿ ತಿಂದಳು. ಅನಿಲ್‌ಗೆ ಅವತ್ತೂ ಡ್ಯೂಟಿ. ಸುಮತಿ ಅವನಿಗೆ ಫೋನು ಮಾಡಿ, "ಇಡ್ಲಿ ತಿಂದ್ಲು ರೀ," ಅಂದಳು.

ಹನ್ನೊಂದೂವರೆಗೆ ಪಲ್ಲಾವರಂನಿಂದ ತಮ್ಮ ದಿನೇಶ್ ಹೆಂಡತಿಯೊಡನೆ ಊಟಕ್ಕೆ ಬಂದ. ಸುಮತಿ ಅಡುಗೆಮನೆಯಲ್ಲಿ ನಾದಿನಿಯ ಜೊತೆ ವಡೆ ಕರಿಯುತ್ತಿದ್ದಳು. "ಬಾ ಕಣ್ಣು, ಮಾಮನ ಹೊಸ ಸ್ಕೂಟರ್ ನೋಡೋಣ," ಎಂದು ತಂದೆ ತೇಜುವನ್ನು ಬಾಲ್ಕನಿಗೆ ಕರೆದದ್ದು ಕೇಳಿಸಿತು. ಸದ್ದಿಲ್ಲದ ಹೊತ್ತು, ಇಯರ್‌ಮಫ್ ಮೇಜಿನ ಮೇಲಿತ್ತು.

ಆಮೇಲೆ ಕೇಳಿಸಿದ್ದು ಸ್ಫೋಟ. ಇಕ್ಕಟ್ಟಿನ ಬೀದಿಯ ಎರಡು ಬದಿಯ ಗೋಡೆಗಳ ನಡುವೆ ಅದು ಕಿಟಕಿ ಗಾಜುಗಳನ್ನೇ ನಡುಗಿಸಿತು. ಸುಮತಿ ಓಡಿ ಬಂದಾಗ ತೇಜು ಮಂಚದ ಕೆಳಗಿನ ಮೂಲೆಯಲ್ಲಿದ್ದಳು. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಹೊಸ ಲಂಗ ಒದ್ದೆಯಾಗಿತ್ತು.

"ಯಾರಪ್ಪ ಹೊಡೆದಿದ್ದು?"

"ಎದುರುಮನೆ ಹುಡುಗ್ರಿರಬೇಕಮ್ಮ," ಅಂದರು ಪದ್ಮನಾಭ.

ಮಗುವನ್ನು ಮಡಿಲಿಗೆಳೆದುಕೊಂಡು ಅರ್ಧ ಗಂಟೆ ಕೂತಿದ್ದ ಸುಮತಿ, ಅವಳನ್ನು ನಾದಿನಿಯ ಕೈಗೆ ಕೊಟ್ಟು ಎದುರುಮನೆಗೆ ಹೋದಳು. ಬಾಗಿಲಲ್ಲೇ ನಿಂತು ಮಾಮಿಗೆ ಬಾಯಿಗೆ ಬಂದಂತೆ ಅಂದಳು. ಒಪ್ಪಿಕೊಂಡು ಹೀಗೆ ಮಾಡಿದಿರಲ್ಲ, ನಿಮಗೂ ಮೊಮ್ಮಕ್ಕಳಿಲ್ಲವೇ ಎಂದೆಲ್ಲ ಕೇಳಿದಳು. ಮಾಮಿ ಕೊನೆಯವರೆಗೂ ತಡೆಯಲಿಲ್ಲ. ಅವಳು ಸುಮ್ಮನಾದ ಮೇಲೆ ಮೆಲ್ಲಗೆ ಹೇಳಿದರು: "ಎಂಗ ಪಸಂಗ ಊರ್‌ಲಯೇ ಇಲ್ಲಮ್ಮ. ಉಂಗ ತಂಬಿದಾನ್ ವೆಚ್ಚಾರು."

ಮಾಮಿಯ ಮನೆಯ ಹುಡುಗರು ಊರಲ್ಲೇ ಇರಲಿಲ್ಲ. ಹಚ್ಚಿದವನು ಅವಳ ಸ್ವಂತ ತಮ್ಮ.

ದಿನೇಶ್ ಸ್ಕೂಟರಿನ ಪಕ್ಕ ನಿಂತು ಫೋನು ನೋಡುತ್ತಿದ್ದ. ಅಕ್ಕನ ಮುಖ ಕಂಡು ತಾನಾಗಿ ಬಾಯಿಬಿಟ್ಟ. "ಅಕ್ಕ, ನಾನು ಬೇಡ ಅಂದೆ. ಅಪ್ಪನೇ ಬಾಂಬ್ ತರಿಸಿದ್ರು. ತಾವು ಮೇಲಿಂದ ಕೈ ಎತ್ತಿದ್ಮೇಲೆ ಹಚ್ಚು ಅಂದ್ರು. ಅವಳ ಭಯ ಎಲ್ಲಾ ಹೋಗಿದೆ, ನೀನೇ ನೋಡು ಅಂದ್ರು."

ಸುಮತಿ ಮೆಟ್ಟಿಲು ಹತ್ತಿ ಬಂದಳು. ತಂದೆ ನಡುಮನೆಯ ಕುರ್ಚಿಯಲ್ಲಿ ಕೂತಿದ್ದರು.

"ಯಾಕಪ್ಪ ಹೀಗ್ಮಾಡಿದ್ರಿ?"

"ಫೋನಲ್ಲಿ ಎಷ್ಟು ಜೋರು ಹಾಕಿದ್ರೂ ಸುಮ್ನೆ ಕೂರ್ತಿದ್ಲು. ನಿಜವಾದ್ದನ್ನೂ ತಡ್ಕೋತಾಳೆ ಅನ್ಕೊಂಡೆ. ಒಂದ್ಸಲ ಆಗ್ಹೋದ್ರೆ ಭಯ ಪೂರ್ತಿ ಬಿಟ್ಹೋಗತ್ತೆ ಅಂತ."

"ಅವಳಿಗೆ ಒಂದ್ಮಾತು ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ಬೇಡ ಅಂತಿದ್ಲು," ಅಂದರು ಪದ್ಮನಾಭ.

"ನಾನು ಎದುರುಮನೆಗೆ ಜಗಳಕ್ಕೆ ಹೊರಟಾಗ ನೀವು ಇಲ್ಲೇ ಕೂತಿದ್ರಿ. ನೋಡ್ತಾ ಕೂತಿದ್ರಿ."

ಸುಮತಿಗೆ ಆಮೇಲೂ ಮರೆಯಲಾಗದೆ ಉಳಿದದ್ದು ಅದೇ. ತಪ್ಪು ಲೆಕ್ಕ ಹಾಕಿದರು ಎಂದು ಕ್ಷಮಿಸಿಬಿಡಬಹುದಿತ್ತು. ತನ್ನನ್ನು ಪರರ ಬಾಗಿಲಿಗೆ ಕಳಿಸಿ ಬಾಯಿ ಮುಚ್ಚಿಕೊಂಡು ಕೂತ ತಂದೆಯನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಸಂಜೆ ಒಂದು ತಟ್ಟೆ ವಡೆ ಹಿಡಿದುಕೊಂಡು ಮಾಮಿಯ ಮನೆಗೆ ಹೋಗಿ ಕ್ಷಮೆ ಕೇಳಿ ಬಂದಳು. ಮಾಮಿ ತಟ್ಟೆ ತೆಗೆದುಕೊಂಡರು. ಒಳಗೆ ಬಾ ಅನ್ನಲಿಲ್ಲ.

ಎರಡೂವರೆ ತಿಂಗಳು ಕಲಿತದ್ದೆಲ್ಲ ಹೋಯಿತು. ತೇಜು ಈಗ ಕಾಲಿಂಗ್ ಬೆಲ್ಲಿಗೂ ಬೆಚ್ಚುತ್ತಿದ್ದಳು. ಪುಸ್ತಕದ ಚೀಲವನ್ನು ತಾತನ ಕೋಣೆಯಿಂದ ತಂದು ಅಮ್ಮನ ಕೋಣೆಯಲ್ಲಿಟ್ಟುಕೊಂಡಳು. ತಾತ ಕರೆದರೆ ಬಾಗಿಲಲ್ಲಿ ನಿಂತು ಮೊದಲು ಅವರ ಕೈಗಳನ್ನು ನೋಡುತ್ತಿದ್ದಳು, ಆಮೇಲೆ ತಿರುಗಿ ಹೋಗುತ್ತಿದ್ದಳು. ಪದ್ಮನಾಭ ಚಾಕೊಲೇಟ್ ತಂದರು, ಕಥೆ ಹೇಳುತ್ತೇನೆಂದರು. ಒಂದು ದಿನ ಮಗುವಿನ ಮುಂದೆ ಕೂತು "ತಪ್ಪಾಯ್ತು ಕಣ್ಣು" ಅಂದರು. "ಓಕೆ ತಾತಾ," ಅಂದಳು ತೇಜು. ಅಲ್ಲಿಂದ ಎದ್ದು ಹೋದಳು.

ಜನವರಿಯಲ್ಲಿ ಅವರು ಪಲ್ಲಾವರಂಗೆ, ಮಗನ ಮನೆಗೆ ಹೊರಟರು. ಬೇಡ ಅನ್ನಬೇಕೆಂದು ಸುಮತಿಗೆ ಅನ್ನಿಸಿತು. ಅನ್ನಲಿಲ್ಲ. ಆಟೋದವರೆಗೆ ಚೀಲ ಹೊತ್ತುಕೊಂಡು ಹೋದಳು.

ಜೂನಿನಲ್ಲಿ ತಾಯಿ ಮಗಳು ಮತ್ತೆ ಮೊದಲಿನಿಂದ ಶುರು ಮಾಡಿದರು. ಈ ಸಲ ಫೋನು ತೇಜುವಿನ ಕೈಯಲ್ಲೇ. ನಾಲ್ಕು ತಿಂಗಳಾದರೂ ಕಾಲು ಭಾಗ ಸದ್ದಿಗಿಂತ ಮೇಲೆ ಅವಳು ಹೋಗಲಿಲ್ಲ. ಪಾವನಾ, ಇರಲಿ ಬಿಡಿ ಅಂದರು. ಹಬ್ಬದ ದಿನ ಒಳಕೋಣೆಯ ಕಿಟಕಿಗೆ ಹಾಸಿಗೆ ಒರಗಿಸಿ, ಫ್ಯಾನು ಜೋರು ಮಾಡಿ, ಇಬ್ಬರೂ ನೆಲದ ಮೇಲೆ ಕೂತರು.

"ಇನ್ನಿಕ್ಕಿ ಯಾರಾವದು ಏಮಾತ್ತುವಾಂಗಳಾಮ್ಮಾ?" ಕೇಳಿದಳು ತೇಜು. ಇವತ್ತೂ ಯಾರಾದರೂ ಮೋಸ ಮಾಡುತ್ತಾರಾ ಎಂದು.

ಹೋದ ವರ್ಷವಾದರೆ ಸುಮತಿ, ಯಾರೂ ಇಲ್ಲ ಚಿನ್ನ, ಅನ್ನುತ್ತಿದ್ದಳು. "ಬೀದೀಲಿ ಯಾರು ಏನು ಹಚ್ತಾರೋ ನಂಗೊತ್ತಿಲ್ಲ," ಅಂದಳು ಈಗ. "ನಂಗೆ ಗೊತ್ತಾದ್ದನ್ನ ಮೊದ್ಲೇ ನಿಂಗೆ ಹೇಳ್ತೀನಿ. ನನ್ ಕೈಲಾಗೋದು ಅಷ್ಟೇ."

ತೇಜು ಯೋಚಿಸಿ ತಲೆಯಾಡಿಸಿದಳು. ರಾತ್ರಿ ಒಂಬತ್ತಕ್ಕೆ ಪಲ್ಲಾವರಂನಿಂದ ಫೋನು ಬಂತು.

"ಮಗು ಹೇಗಿದೆಯಮ್ಮ? ಒಂಚೂರು ಕೊಡ್ತೀಯಾ?"

ತೇಜು ಬೇಡವೆಂದು ಕೈಯಾಡಿಸಿದಳು. ಮಲಗಿದ್ದಾಳೆ ಎಂಬ ಮಾತು ಸುಮತಿಯ ನಾಲಗೆಯ ತುದಿಗೆ ಬಂದಿತ್ತು. ಮಗಳು ಅವಳ ಮುಖವನ್ನೇ ನೋಡುತ್ತಿದ್ದಳು.

"ಎದ್ದಿದ್ದಾಳಪ್ಪ. ಮಾತಾಡೋಕೆ ಇಷ್ಟ ಇಲ್ಲ ಅಂತಾಳೆ."

"ಸರಿಯಮ್ಮ," ಅಂದರು ಪದ್ಮನಾಭ.