ಸಾವಕಾಶದಲ್ಲಿ ಸಾವಿಲ್ಲ

ಕನ್ನಡ ಕಲಿಸುವ ಗೆಳೆಯರೇ, ಸ್ವಲ್ಪ ಹುಷಾರು. ಇವತ್ತು ದುರ್ಗದಬೈಲಿನ ಮಾರುಕಟ್ಟೆಯ ಗದ್ದಲದಲ್ಲಿ ಸ್ಕೂಟರ್ ಓಡಿಸುತ್ತಿದ್ದೆ. ಹಿಂದೆ ಕೂತಿದ್ದವಳು ಪಾಟ್ನಾದ ಸಹೋದ್ಯೋಗಿ ನೇಹಾ. ಈಗೀಗ ಕನ್ನಡ ಕಲಿಯುತ್ತಿದ್ದಾಳೆ. ಸೊಪ್ಪು ಮಾರುವ ಅಜ್ಜಿಯೊಬ್ಬರು ಕೂಗಿದರು: "ಸಾವಕಾಶ ಹೋಗೋ ತಮ್ಮಾ!"

ಗಾಡಿ ನಿಂತಿತು. ನೇಹಾ ಇಳಿದು ಅಜ್ಜಿಯ ಮುಂದೆ ನಿಂತಳು. "ನಾವು ಯಾಕೆ ಸತ್ತು ಆಕಾಶಕ್ಕೆ ಹೋಗಬೇಕು?"

"ಅದು ಸಾವು, ಆಕಾಶ ಅಲ್ಲ! 'ಸ' ಅಂದ್ರ ಸಹಿತ, 'ಅವಕಾಶ' ಅಂದ್ರ ಪುರುಸೊತ್ತು. ನಿಧಾನಕ್ಕ ಹೋಗು ಅಂತ!" ನಡುರಸ್ತೆಯಲ್ಲೇ ನನ್ನ ಪಾಠ ಶುರುವಾಯಿತು.

ಅಜ್ಜಿ ಇಬ್ಬರಿಗೂ ಕೈಮುಗಿದರು. "ಆಕಾಶಕ್ಕರೆ ಹೋಗ್ರಿ, ಪಾತಾಳಕ್ಕರೆ ಹೋಗ್ರಿ. ಮೊದಲ ನನ್ನ ಕೊತ್ತಂಬರಿ ಮ್ಯಾಲಿಂದ ಗಾಲಿ ತಗೀರಿ!"

ಆ ಕೊತ್ತಂಬರಿಯನ್ನೆಲ್ಲ ಕೊಂಡು ತಂದಿದ್ದೇನೆ. ಚಟ್ನಿಗೆ ರುಬ್ಬುವ ಅರ್ಧ ಕೆಲಸವನ್ನು ಗಾಲಿ ಆಗಲೇ ಮುಗಿಸಿದೆ.