ತಿರುವಿನಲ್ಲಿ ಉತ್ತರ ಕೊಡದವರು

1992ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ಕ್ಲಾಸು, ಅದೂ ಅರ್ಧ. ಮೇಷ್ಟ್ರು ಹೊಡೆದರು ಅಂತಲ್ಲ. ಬಡತನ ಅಂತಲೂ ಅಲ್ಲ (ಬಡತನ ಇತ್ತು, ಆದರೆ ಅದು ಓದು ಮುಂದುವರಿಸಿದವರ ಮನೆಯಲ್ಲೂ ಇತ್ತು). ಭಾಗಾಕಾರಕ್ಕಿಂತ ಪಂಕ್ಚರ್ ಹಾಕುವುದು ನನಗೆ ಚೆನ್ನಾಗಿ ಬರುತ್ತಿತ್ತು, ಅಷ್ಟೇ. ಅಂಥ ನನ್ನ ಅಂಗಡಿಗೆ ಹೋದ ವಾರ ಹಲ್ಲಿನ ಡಾಕ್ಟರೊಬ್ಬರು ಒಂದು ಫಾರಂ ಹಿಡಿದುಕೊಂಡು ಬಂದರು. "ಮಂಜಣ್ಣ, ಕಂಪನಿ ಫೌಂಡರ್‌ದು ಕ್ವಾಲಿಫಿಕೇಷನ್ ಏನಂತ ಬರೀಲಿ?"

"ಪಂಕ್ಚರ್ ಅಂತ ಬರೀರಿ" ಅಂದೆ.

ಅವರು ನಗಲಿಲ್ಲ. ಓದಿದವರು ಫಾರಂ ತುಂಬುವಾಗ ನಗುವುದಿಲ್ಲ.

ಇದು ಹೇಗಾಯಿತು ಅಂತ ಮೊದಲಿನಿಂದ ಹೇಳುತ್ತೇನೆ. ಚಿಕ್ಕಮಗಳೂರಿನ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ನನ್ನ ಸೈಕಲ್ ಅಂಗಡಿ ಇರುವುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಗೊತ್ತಿಲ್ಲವೆಂದರೆ ನಿಮ್ಮ ಸೈಕಲ್‌ಗೆ ಇನ್ನೂ ಏನೂ ಆಗಿಲ್ಲ ಅಂತ ಅರ್ಥ. ಮೊದಲೆಲ್ಲ ಹಾಲಿನವರು, ಪೇಪರ್ ಹಾಕುವವರು, ಕಾಫಿ ಕ್ಯೂರಿಂಗ್ ಕೆಲಸಕ್ಕೆ ಹೋಗುವವರು ಬರುತ್ತಿದ್ದರು. ಈಗ ಬ್ಯಾಂಕಿನವರು, ಎಸ್ಟೇಟ್ ಓನರ್‌ಗಳು, ಡಾಕ್ಟರ್‌ಗಳು ಬರುತ್ತಾರೆ. ಆಗ ಸೈಕಲ್ ಇದ್ದವನಿಗೆ ಸ್ಕೂಟರ್ ಆಸೆ. ಈಗ ಎರಡು ಕಾರಿದ್ದವರಿಗೆ ಸೈಕಲ್ ಆಸೆ. ನನಗೇನು? ಇಬ್ಬರ ಚೈನಿಗೂ ಒಂದೇ ಎಣ್ಣೆ.

ಇವರದ್ದೊಂದು ಕ್ಲಬ್. ಹಲ್ಲಿನ ಡಾಕ್ಟರ್ ಸುಧೀರ್ ಅಧ್ಯಕ್ಷರು. ಭಾನುವಾರ ಬೆಳಿಗ್ಗೆ ಸೈಕಲ್‌ಗಳನ್ನೆಲ್ಲ ಪಿಕಪ್‌ಗೆ ಹೇರಿ ಮೂಡಿಗೆರೆಗೆ ಒಯ್ದು, ಅಲ್ಲಿಂದ ಮುಂದಕ್ಕೆ ತುಳಿಯುತ್ತಾರೆ (ಪರಿಸರ ಪ್ರೇಮ ಮೂಡಿಗೆರೆಯಿಂದ ಶುರು). ಹಿಂದೆ ನಾನು ಸ್ಕೂಟರಿನಲ್ಲಿ ಟ್ಯೂಬು, ಪಂಪು, ಸ್ಪ್ಯಾನರ್ ಹೊತ್ತುಕೊಂಡು ಹೋಗಬೇಕು. ಇದಕ್ಕೆ 'ಸಪೋರ್ಟ್ ವೆಹಿಕಲ್' ಅಂತ ಹೆಸರು.

ಕ್ಲಬ್ಬಿನ ಟೀ ಶರ್ಟ್ ಬೆನ್ನಿಗೆ 'ಸದ್ದಿಲ್ಲದ ಸವಾರಿ' ಅಂತ ಬರೆಸಿದ್ದಾರೆ. ಸದ್ದು ಕಂಡರೆ ಇವರಿಗೆ ಎಷ್ಟು ಸಿಟ್ಟೆಂದರೆ, ಹೊಸ ಸೈಕಲ್ ತಂದವರು ಮೊದಲು ಹೇಳುವ ಮಾತೇ, "ಮಂಜಣ್ಣ, ಆ ಬೆಲ್ ಬಿಚ್ಚಿಬಿಡಿ. ಸುಮ್ನೆ ವೆಯ್ಟು."

ಒಂದು ಬೆಲ್ ಎಷ್ಟು ತೂಗೀತು? ಕೊಟ್ಟಿಗೆಹಾರದಲ್ಲಿ ನಿಂತಾಗ ಇವರು ಬೇಡ ಬೇಡ ಅನ್ನುತ್ತಲೇ ತಿನ್ನುವ ಕೊನೆಯ ನೀರುದೋಸೆಯಷ್ಟೂ ಇಲ್ಲ. ಆದರೂ ಬಿಚ್ಚಿದೆ. ಒಂದೊಂದಾಗಿ ಬಿಚ್ಚಿ ಬಿಸ್ಕತ್ ಡಬ್ಬಕ್ಕೆ ಹಾಕಿದೆ. ಡಬ್ಬ ತುಂಬಿತು.

ಕ್ಲಬ್ಬಿನಲ್ಲಿ ಸೈಕಲ್ಲನ್ನು ಸೈಕಲ್ ಥರ ಬಳಸುವವರು ಒಬ್ಬರೇ, ವೀಣಾ ಟೀಚರ್. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾರೆ. ದಿನಾ ಶಾಲೆಗೆ ಸೈಕಲ್ಲಿನಲ್ಲೇ ಹೋಗುತ್ತಾರೆ. ನಲವತ್ತು ದಾಟಿದ ಮೇಲೆ ನನ್ನ ಅಂಗಡಿ ಮುಂದೆಯೇ ಕಲಿತದ್ದು. ಬಾಳೆಹಣ್ಣಿನ ಗಾಡಿಗೆ ಎರಡು ಸಲ ಗುದ್ದಿ, ಎರಡು ಸಲವೂ ಹಣ್ಣು ಕೊಂಡು, ಮತ್ತೆ ಹತ್ತಿದವರು. ಅವರು ಸೈಕಲ್ ಬಿಡುವ ದಿನ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಬಂತು. ಬಾಳೂರು ದಾರಿಯ ಇಳಿಜಾರು. ಟೀಚರ್ ಮುಂದೆ, ನಾನು ಹಿಂದೆ. ಮಂಜು ಇತ್ತು. ಕೆಳಗಿನಿಂದ, ತಿರುವಿನ ಆಚೆಯಿಂದ, ಎರಡು ಸಲ ಹಾರ್ನ್ ಕೇಳಿತು.

ನಾನು ಹುಟ್ಟಿದ್ದು ಅಲ್ಲಿನದೇ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ. ಆ ಹಾರ್ನಿನ ಅರ್ಥ ನನಗೆ ಗೊತ್ತು. ನಮ್ಮ ಕಡೆ ತಿರುವಿಗೆ ಮೊದಲು ಜೀಪಿನವನು ಹಾರ್ನ್ ಹೊಡೆಯುತ್ತಾನೆ. ಆಚೆ ಯಾರಾದರೂ ಇದ್ದರೆ ವಾಪಸ್ ಹೊಡೆಯಬೇಕು. ಹೊಡೆದರೆ ಇಳಿಯುವವನು ನಿಲ್ಲುತ್ತಾನೆ, ಏರುವವನು ಎಡಕ್ಕೆ ಸರಿದು ಮೆಲ್ಲಗೆ ಬರುತ್ತಾನೆ. ಯಾರೂ ಹೊಡೆಯದಿದ್ದರೆ ಆಚೆ ಯಾರೂ ಇಲ್ಲ ಅಂತ ಲೆಕ್ಕ. ಆಗ ರಸ್ತೆ ಪೂರ್ತಿ ಅವನದು.

ನನ್ನ ಹೆಬ್ಬೆರಳು ಸ್ಕೂಟರಿನ ಹಾರ್ನ್ ಗುಂಡಿ ಮೇಲೆ ಹೋಯಿತು. ಒತ್ತಲಿಲ್ಲ. ಸಪೋರ್ಟ್ ವೆಹಿಕಲ್ ಹಾರ್ನ್ ಹೊಡೆಯಬಾರದು ಅಂತ ಕ್ಲಬ್ಬಿನ ರೂಲು.

ಜೀಪು ರಸ್ತೆ ಪೂರ್ತಿ ತೆಗೆದುಕೊಂಡು ಬಂತು. ಟೀಚರ್ ಚರಂಡಿಗೆ ಹೋದರು. ಮೊಣಕೈ, ಮಂಡಿ ತರಚಿತು. ಜೀಪು ಕಿರ್ರೆಂದು ನಿಂತಾಗ ಅದರ ಬಂಪರ್‌ಗೂ ಅವರ ಹೆಲ್ಮೆಟ್‌ಗೂ ನಡುವೆ ಒಂದು ಮೊಳವೂ ಇರಲಿಲ್ಲ.

ಅಷ್ಟರಲ್ಲಿ ಡಾಕ್ಟರ್ ಬಂದರು. "ಕಣ್ಣು ಕಾಣಲ್ವೇನ್ರೀ ನಿಮಗೆ?"

ಡ್ರೈವರ್ ರುದ್ರೇಶ ಇಳಿದ. "ಕಣ್ಣು ತಿರುವಿನ ಆಚೆ ಕಾಣುತ್ತಾ ಸಾರ್? ಎರಡು ಸಲ ಹಾರ್ನ್ ಹೊಡ್ದೆ. ನೀವು ಯಾರೂ ಉತ್ತರ ಕೊಡ್ಲಿಲ್ಲ."

"ಉತ್ತರಾನಾ? ಎಂಥ ಉತ್ತರ?"

ಜೀಪಿನ ಹಿಂದೆ ಸಂತೆಗೆ ಹೊರಟಿದ್ದ ಹೆಂಗಸರು ತುಂಬಿದ್ದರು. ಅವರಲ್ಲೊಬ್ಬಾಕೆ ತಲೆ ಹೊರಗೆ ಹಾಕಿ, "ಹಾರ್ನ್ ಇಲ್ದಿದ್ರೆ ಬಾಯಿ ಇಲ್ವನಾ ಮಾರಾಯ್ರೇ? ಹೋ ಅನ್ನಕ್ಕೇನಾಗಿತ್ತು? ಮಿಣಮಿಣ ಲೈಟ್ ಮಾತ್ರ ಐದೈದು!" ಅಂದಳು.

ಆ ಐದೈದು ಲೈಟು ಮಾರಿದ್ದು ಯಾರು? ನಾನೇ. ತಿರುವಿನ ಆಚೆಗೆ ಲೈಟು ಬಗ್ಗಿ ಹೋಗುವುದಿಲ್ಲ ಅಂತ ಗೊತ್ತಿದ್ದೂ ಮಾರಿದೆ. ಚರಂಡಿಯಿಂದ ಟೀಚರ್‌ನ ಎಬ್ಬಿಸುವಾಗ ಅವರ ಮುಖ ನೋಡಲಾಗಲಿಲ್ಲ.

ಮಾರನೇ ದಿನ ಅವರು ಸೈಕಲ್ ತಳ್ಳಿಕೊಂಡು ಅಂಗಡಿಗೆ ಬಂದರು. "ಮಂಜಣ್ಣ, ಇದನ್ನ ಯಾರಿಗಾದ್ರೂ ಮಾರಿಬಿಡಿ."

"ಬಾಳೂರು ಕಡೆ ಹೋಗೋದು ಬೇಡ ಟೀಚರ್, ಊರೊಳಗೆ ಹೊಡೀರಿ."

"ಊರೊಳಗೆ ತಿರುವಿಲ್ವಾ? ಇವತ್ತು ಶಾಲೆ ಹತ್ರ ಗಲ್ಲಿಯಿಂದ ಒಂದು ಸ್ಕೂಟರ್ ನುಗ್ತು. ಇಳಿದು ಅಳುತ್ತಾ ನಿಂತಿದ್ದೆ. ನನ್ನ ಎಂಟನೇ ಕ್ಲಾಸಿನ ಮಕ್ಕಳು ನೋಡ್ತಿದ್ರು."

ಸೈಕಲ್ ಒಳಗಿಟ್ಟುಕೊಂಡೆ. ಗಿರಾಕಿ ಬಂದರೆ ಬ್ರೇಕ್ ಸರಿಯಿಲ್ಲ ಅಂದೆ. ಇನ್ನೊಬ್ಬರು ಬಂದರೆ ಫ್ರೇಮ್ ಬಿರುಕು ಬಿಟ್ಟಿದೆ ಅಂದೆ. ವ್ಯಾಪಾರದಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ ಗಿರಾಕಿಯನ್ನು ಓಡಿಸಲು ಹೇಳಿದ್ದು ಇವೆರಡೇ.

ಅದೇ ವಾರ ಕ್ಲಬ್ಬಿನ ಮೀಟಿಂಗು. ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿ ಒಂದು ಸ್ಟಾರ್ಟಪ್ ಶುರು ಮಾಡುವುದು ಅಂತ ಮೊದಲೇ ತೀರ್ಮಾನವಾಗಿತ್ತು. ಕ್ರೌಡ್ ಫಂಡಿಂಗ್ ಅನ್ನುತ್ತಾರೆ. ಲೈನ್ ಮನೆಗಳಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ನಾವೂ ಇದನ್ನೇ ಮಾಡುತ್ತಿದ್ದೆವು, ಹೆಸರಿಟ್ಟಿರಲಿಲ್ಲ. ಇವರ ಸ್ಟಾರ್ಟಪ್ ಮಾಡುವುದು ಏನು? ಒಂದು ಹೆಲ್ಮೆಟ್. ಸವಾರ ಬಿದ್ದ ಕೂಡಲೇ ಮನೆಯವರ ಮೊಬೈಲಿಗೆ ಮೆಸೇಜ್ ಹೋಗುತ್ತದೆ.

ನಾನು ಎದ್ದು ನಿಂತೆ. "ಬಿದ್ದ ಮೇಲೆ ಹೆಂಡ್ತಿಗೆ ಹೇಳೋ ಹೆಲ್ಮೆಟ್ಟು ಸರಿ ಡಾಕ್ಟ್ರೇ. ಬೀಳೋ ಮುಂಚೆ ಜೀಪಿನವನಿಗೆ ಹೇಳೋದು ಯಾವ್ದು? ಅದೂ ಅಲ್ದೆ, ಬಾಳೂರು ದಾರೀಲಿ ನೆಟ್‌ವರ್ಕ್ ಎಲ್ಲಿದೆ?"

ನಾನು ಚೀಲದಿಂದ ಒಂದು ಸಾಮಾನು ತೆಗೆದು ಮೇಜಿನ ಮೇಲಿಟ್ಟೆ. ಹಳೇ ಸ್ಕೂಟರಿನ ಹಾರ್ನ್, ಚಾರ್ಜ್ ಮಾಡುವ ಸಣ್ಣ ಬ್ಯಾಟರಿ, ಹ್ಯಾಂಡಲ್‌ಗೆ ಕಚ್ಚಿಸುವ ಕ್ಲಾಂಪು, ಹೆಬ್ಬೆರಳಿಗೆ ಗುಂಡಿ. ಒತ್ತಿದೆ. ಬ್ಯಾಂಕಿನವರೊಬ್ಬರ ಟೀ ಚೆಲ್ಲಿತು.

"ಛೇ ಛೇ, ನಾವೇ ಶಬ್ದಮಾಲಿನ್ಯ ಮಾಡೋದಾ?" ಡಾಕ್ಟರ್ ಕಿವಿ ಮುಚ್ಚಿಕೊಂಡರು. "ಸ್ವಲ್ಪ ಸಾಫ್ಟ್ ಆಗಿ, ಹಕ್ಕಿ ಕೂಗಿದ ಹಾಗೆ ಮಾಡಕ್ಕಾಗಲ್ವಾ?"

ಆಗುತ್ತದೆ ಅಂದೆ. ಎರಡೂ ಮಾಡಿದೆ. ಪರೀಕ್ಷೆ ಮಾತ್ರ ಮೀಟಿಂಗ್ ಹಾಲಿನಲ್ಲಿ ಬೇಡ, ಅದೇ ತಿರುವಿನಲ್ಲಿ, ಅದೇ ಜೀಪಿನವನ ಎದುರು ಅಂತ ಹಟ ಹಿಡಿದೆ. ಟೀಚರ್‌ಗೂ ಹೇಳಿ ಕಳಿಸಿದೆ. ಬಂದರು. "ಸೈಕಲ್ ಹತ್ತಲ್ಲ. ಜೀಪಲ್ಲಿ ಕೂರ್ತೀನಿ" ಅಂತ ರುದ್ರೇಶನ ಪಕ್ಕ ಕೂತರು. ವಿಜ್ಞಾನದವರಲ್ಲವೇ, ಎರಡೂ ಕಡೆಯಿಂದ ನೋಡಬೇಕು.

ನಾವು ತಿರುವಿನ ಮೇಲ್ಗಡೆ ನಿಂತೆವು. ಜೀಪು ಕೆಳಗಿನಿಂದ ಹಾರ್ನ್ ಹೊಡೆಯಿತು. ಡಾಕ್ಟರ್ ತಮ್ಮ ಹಕ್ಕಿ ಹಾರ್ನ್ ಒತ್ತಿದರು. ಚೀಂವ್ ಚೀಂವ್. ಜೀಪು ಮೆಲ್ಲಗಾಗದೆ ರಸ್ತೆ ತುಂಬ ಬಂತು. ಎಲ್ಲರೂ ಹೋಗಿ ರಸ್ತೆ ಬದಿಯ ಮಣ್ಣಿನ ಬರೆಗೆ ಒರಗಿದೆವು. ಅಧ್ಯಕ್ಷರೇ ಮೊದಲು.

"ಯಾಕ್ರೀ ನಿಲ್ಲಿಸ್ಲಿಲ್ಲ?"

"ಯಾವ್ದೋ ಹಕ್ಕಿ ಕೂಗ್ತು ಸಾರ್" ಅಂದ ರುದ್ರೇಶ. "ಹಕ್ಕಿಗೆಲ್ಲ ಬ್ರೇಕ್ ಹಾಕ್ತಾ ಕೂತ್ರೆ ಕಳಸ ಮುಟ್ಟೋದ್ಯಾವಾಗ?"

ಜೀಪು ಮತ್ತೆ ಕೆಳಗಿಳಿದು ಹೊರಟಿತು. ಹಾರ್ನ್ ಕೇಳಿತು. ಈ ಸಲ ನಾನು ನನ್ನದನ್ನು ಒತ್ತಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕೆಳಗಿನಿಂದ ಚಿಕ್ಕದಾಗಿ ಒಂದು ಹಾರ್ನ್, ಇರಿ, ಬಂದೆ ಅನ್ನುವ ಹಾಗೆ. ಜೀಪು ಎಡಕ್ಕೆ ಅಂಟಿಕೊಂಡು, ನಡೆದ ಹಾಗೆ ಮೆಲ್ಲಗೆ ಬಂತು. ಪಕ್ಕದಲ್ಲಿ ಎರಡು ಸೈಕಲ್ ಹೋಗುವಷ್ಟು ಜಾಗ.

ಟೀಚರ್ ಇಳಿದರು. "ಒಳಗೆ ಕೂತ್ರೆ ತಿರುವಿನ ಆಚೆ ಪ್ರಪಂಚಾನೇ ಇಲ್ಲ ಮಂಜಣ್ಣ. ನೀವು ಒತ್ತಿದ ಮೇಲೇ ಅಲ್ಲಿ ಯಾರೋ ಇದ್ದಾರೆ ಅಂತಾಯ್ತು." ಆಮೇಲೆ ಮೆಲ್ಲಗೆ, "ನನ್ನ ಸೈಕಲ್ ಮಾರಿಬಿಟ್ರಾ?"

"ಯಾರೂ ಕೇಳ್ಲೇ ಇಲ್ಲ ಟೀಚರ್" ಅಂದೆ. ಇದು ಮೂರನೇ ಸುಳ್ಳು.

ಹೆಲ್ಮೆಟ್ ಬದಲು ಈ ಹಾರ್ನೇ ಮಾಡುವುದು ಅಂತ ಅಲ್ಲೇ ತೀರ್ಮಾನವಾಯಿತು, ಫೌಂಡರ್ ನಾನು. ರುದ್ರೇಶ ಜೇಬಿಗೆ ಕೈ ಹಾಕಿದ. "ನಂದೂ ಬರ್ಕಳ್ಳಿ ಸಾರ್. ಸ್ಟ್ಯಾಂಡಿನ ಜೀಪಿನವರ ಹತ್ರಾನೂ ಎತ್ತಿ ಕೊಡ್ತೀನಿ."

ಡಾಕ್ಟರ್ ತಬ್ಬಿಬ್ಬಾದರು. "ಇದು ಸೈಕ್ಲಿಂಗ್ ಕಮ್ಯುನಿಟಿದು. ನೀವು ಸೈಕಲ್ ತುಳಿಯಲ್ವಲ್ಲ?"

"ನಿಮ್ಗೆ ಬಿದ್ರೆ ಬ್ಯಾಂಡೇಜು ಸಾರ್. ನಂಗೆ ಲೈಸೆನ್ಸು, ಮರ್ಯಾದೆ, ನಿದ್ದೆ ಮೂರೂ ಹೋಗ್ತದೆ. ಅವತ್ತಿಂದ ಈ ತಿರುವಲ್ಲಿ ನಾನು ಉಸಿರು ಹಿಡ್ಕಂಡೇ ಗೇರ್ ಹಾಕೋದು."

ಡಾಕ್ಟರ್ ದುಡ್ಡು ಹಾಕುವವರ ಪಟ್ಟಿ ತೆಗೆದು ಅವನ ಕೈಗೆ ಕೊಟ್ಟರು. ಪಟ್ಟಿಯಲ್ಲಿ ಜೀಪಿನವರ ಹೆಸರು ಮೇಲೆ ಬಂತು. ಅದನ್ನು ನೋಡಿ ಕ್ಲಬ್ಬಿನವರು ನಾಚಿಕೆಗೆ ತಮ್ಮದನ್ನು ಕೆಳಗೆ ಬರೆದರು.

ನೋಡುವವರು ನೋಡಲಿ ಅಂತ ನಾವು ಏನೆಲ್ಲ ಮಾಡುತ್ತೇವೆ! ಮಿಂಚುವ ಜಾಕೆಟ್ಟು, ಮಿಣುಕುವ ಲೈಟು, ಇಳಿದ ಕೂಡಲೇ ಸೆಲ್ಫಿ. ಇದ್ದೀಯಾ ಅಂತ ಎದುರಿನವನು ಕೇಳಿದರೆ ಮಾತ್ರ ಹೂಂ ಅನ್ನುವುದಿಲ್ಲ. ಪೇಟೆಯಲ್ಲಿ ಹಾರ್ನ್ ಅಂದರೆ ಪಕ್ಕಕ್ಕೆ ಸಾಯಿ ಅಂತ. ಅದನ್ನು ಕೇಳಿ ಕೇಳಿ, ಮಾತಾಡಿಸುವ ಹಾರ್ನೂ ಇದೆ ಅನ್ನುವುದನ್ನೇ ಮರೆತಿದ್ದೇವೆ. ಹುಟ್ಟಿದಾಗಿನಿಂದ ಕೇಳಿದ ನಾನೂ ಒಂದು ರೂಲಿಗೆ ಹೆದರಿ ಮರೆತ ಹಾಗೆ ನಟಿಸಿದೆ. ಉತ್ತರ ಕೊಡಲು ಯಾವ ಡಿಗ್ರಿ ಬೇಕಿತ್ತು ಹೇಳಿ?

ಕಂಪನಿಗೆ ಇನ್ನೂ ಹೆಸರಾಗಿಲ್ಲ. ಫಾರಂನಲ್ಲಿ ಡಾಕ್ಟರ್ ನನ್ನ ಓದಿನ ಮುಂದೆ 'ಸ್ವಂತ ಅನುಭವ' ಅಂತ ಬರೆದುಕೊಂಡು ಹೋಗಿದ್ದಾರೆ. ಟೀಚರ್ ಸೋಮವಾರದಿಂದ ಮತ್ತೆ ಸೈಕಲ್ಲಿನಲ್ಲೇ ಶಾಲೆಗೆ ಹೋಗುತ್ತಿದ್ದಾರೆ. ಹಾರ್ನ್ ಹೊಡೆಯುವಾಗ ಅವರಿಗೆ ಸ್ವಲ್ಪ ನಾಚಿಕೆ, ಎಂಟನೇ ಕ್ಲಾಸಿನವರಿಗೆ ಭಾರಿ ಖುಷಿ.

ಸದ್ಯ ನನ್ನ ಹತ್ತಿರ ಇರುವುದಿಷ್ಟು: ಅಂಗಡಿ ಒಂದು, ಕಬ್ಬಿಣ ಕಚ್ಚಿ ಹಿಡಿಯುವ ವೈಸ್ ಎರಡು, ತಯಾರಾದ ಹಾರ್ನ್ ಹತ್ತೊಂಬತ್ತು, ಆರ್ಡರ್ ಮೂವತ್ತೊಂದು, ಮಾರಾಟಕ್ಕೆ ನಿಂತ ಸೈಕಲ್ ಸೊನ್ನೆ.